ಸಿಸಿಲಿಯ ರೋಮನ್ ತೋಟದ ಮನೆ ನೋಡುವುದು ಹೇಗೆ: ವಿಲ್ಲಾ ರೊಮಾನಾ ದೆಲ್ ಕಸಾಲೆಗೆ ಸಮಗ್ರ ಮಾರ್ಗದರ್ಶಿ

ಮೊದಲ ಸಲ ನಾನು ಇಲ್ಲಿಗೆ ಹೋಗಿದ್ದು ಒಂದು ಪ್ಯಾಕೇಜ್ ಟೂರಿನಲ್ಲಿ. ಜುಲೈ ತಿಂಗಳು, ಸುಡುವ ಮಧ್ಯಾಹ್ನ, ನೋಡಲು ಕೊಟ್ಟಿದ್ದು 45 ನಿಮಿಷ. ಗೈಡ್ ಕೊಡೆ ಎತ್ತಿ ಹಿಡಿದು ಮುಂದೆ ಓಡುತ್ತಿದ್ದ, ನಾವು 40 ಜನ ಹಿಂದೆ ಓಡುತ್ತಿದ್ದೆವು. 'ಬಿಕಿನಿ ಹುಡುಗಿಯರ' ಚಿತ್ರದ ಮುಂದೆ ಎಲ್ಲರೂ ಫೋಟೊ ತೆಗೆದರು, ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತು ಅಂತ ಕೂಗು ಬಂತು. ಮುಗೀತು.

ಎರಡನೇ ಸಲ ಅಮ್ಮ ಮತ್ತು ಹೆಂಡತಿ ಜೊತೆ ಬಾಡಿಗೆ ಕಾರಿನಲ್ಲಿ ಹೋದೆ. ಹಿಂದಿನ ರಾತ್ರಿ ಪಕ್ಕದ ಊರಲ್ಲೇ ಉಳಿದು, ಬೆಳಿಗ್ಗೆ ಗೇಟು ತೆಗೆಯುವ ಮುಂಚೆಯೇ ಅಲ್ಲಿದ್ದೆವು. ಮೂರು ಗಂಟೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಇದೊಂದು ಮನೆ ಸ್ವಾಮಿ. ನೆಂಟರ ಮನೆಗೆ ಹೋದ ಹಾಗೆ ಹೋಗಬೇಕು. ಬಾಗಿಲಲ್ಲಿ ಒಂದು ಕ್ಷಣ ನಿಂತು, ಅಂಗಳ ದಾಟಿ, ಬಚ್ಚಲು ಎಲ್ಲಿ, ಊಟದ ಮನೆ ಎಲ್ಲಿ, ಯಜಮಾನ ಕೂರುತ್ತಿದ್ದ ಜಾಗ ಯಾವುದು, ಮಕ್ಕಳು ಎಲ್ಲಿ ಮಲಗುತ್ತಿದ್ದರು ಅಂತ ಕೇಳಿಕೊಳ್ಳುತ್ತಾ ನಡೆದರೆ ನೆಲದ ಚಿತ್ರಗಳು ತಾವಾಗಿಯೇ ಮಾತಾಡುತ್ತವೆ. ಹಾಗೆ ನೋಡುವುದು ಹೇಗೆ ಅಂತ ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಂತ 1: ಏನು ನೋಡಲು ಹೊರಟಿದ್ದೀರಿ ಅಂತ ತಿಳಿದುಕೊಳ್ಳಿ

ಜಾಗ ಇರುವುದು ಇಟಲಿಯ ಸಿಸಿಲಿ ದ್ವೀಪದ ನಡುಭಾಗದಲ್ಲಿ, ಪಿಯಾತ್ಸಾ ಆರ್ಮೆರೀನಾ ಅನ್ನುವ ಗುಡ್ಡದ ಊರಿನಿಂದ ನಾಲ್ಕೈದು ಕಿಲೋಮೀಟರ್ ದೂರದ ಕಣಿವೆಯಲ್ಲಿ. ಕ್ರಿ.ಶ. 4ನೇ ಶತಮಾನದ ಮೊದಲ ಭಾಗದಲ್ಲಿ ಕಟ್ಟಿದ ಮನೆ. ರೋಮನ್ನರಿಗೆ 'ವಿಲ್ಲಾ' ಅಂದರೆ ಊರ ಹೊರಗಿನ, ಸುತ್ತ ಜಮೀನು ಇರುವ ಮನೆ. ಸಿಸಿಲಿ ಆಗ ರೋಮಿಗೆ ಗೋಧಿ ಕಳಿಸುತ್ತಿದ್ದ ದ್ವೀಪ. ಅಂಥ ದೊಡ್ಡ ಜಮೀನಿನ ನಡುವೆ ಎದ್ದ ಅರಮನೆಯಂಥ ಮನೆ ಇದು.

ಒಡೆಯ ಯಾರು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಚಕ್ರವರ್ತಿ ಡಯೊಕ್ಲೀಶಿಯನ್ ಜೊತೆ ರಾಜ್ಯ ಹಂಚಿಕೊಂಡಿದ್ದ ಮ್ಯಾಕ್ಸಿಮಿಯನ್‌ನ ಮನೆ ಅಂತ ಒಂದು ಕಾಲಕ್ಕೆ ಜೋರಾಗಿ ಹೇಳುತ್ತಿದ್ದರು. ಈಗ ಜಾಸ್ತಿ ಜನ ಒಬ್ಬ ಶ್ರೀಮಂತ ಸೆನೆಟರ್‌ನದು ಇರಬೇಕು ಅನ್ನುತ್ತಾರೆ. ಗೈಡ್ ಯಾರಾದರೂ ಖಡಾಖಂಡಿತವಾಗಿ ಒಂದು ಹೆಸರು ಹೇಳಿದರೆ ಸುಮ್ನೆ ತಲೆಯಾಡಿಸಿ ಮುಂದೆ ಹೋಗಿ.

ಮನೆ ಉಳಿದದ್ದು ಮಣ್ಣಿನಿಂದ. ರೋಮನ್ನರು ಹೋದ ಮೇಲೂ ಇಲ್ಲಿ ಜನ ವಾಸವಿದ್ದರು, ಒಂದು ಹಳ್ಳಿಯೇ ಬೆಳೆದಿತ್ತು. 12ನೇ ಶತಮಾನದಲ್ಲಿ ಗುಡ್ಡ ಕುಸಿದು ಎಲ್ಲವೂ ಮುಚ್ಚಿಹೋಯಿತು. ಗೋಡೆಗಳು ಬಿದ್ದವು, ಆದರೆ ಕೆಸರಿನ ಹೊದಿಕೆ ಕೆಳಗೆ ನೆಲ ಭದ್ರವಾಗಿ ಉಳಿಯಿತು. 1929ರಲ್ಲಿ ಪುರಾತತ್ವಜ್ಞ ಪಾವೊಲೊ ಓರ್ಸಿ ಇಲ್ಲಿ ಅಗೆಸಿದರು. ದೊಡ್ಡ ಪ್ರಮಾಣದ ಉತ್ಖನನ ನಡೆದದ್ದು 1950ರ ದಶಕದಲ್ಲಿ, ಜೀನೊ ವಿನಿಚಿಯೊ ಜೆಂತೀಲಿ ನೇತೃತ್ವದಲ್ಲಿ. 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಎಷ್ಟು ದೊಡ್ಡದು? ಚೂರುಗಲ್ಲಿನ ನೆಲಚಿತ್ರ, ಅಂದರೆ ಮೊಸಾಯಿಕ್, ಒಟ್ಟು ಸುಮಾರು 3,500 ಚದರ ಮೀಟರ್. ನಮ್ಮ ಲೆಕ್ಕದಲ್ಲಿ 30-40ರ ಸೈಟು ಮೂವತ್ತೊಂದು ಪಕ್ಕಪಕ್ಕ ಇಟ್ಟರೆ ಎಷ್ಟೋ ಅಷ್ಟು. ಒಂದೊಂದು ಚೂರನ್ನೂ ಕೈಯಲ್ಲೇ ಕೂರಿಸಿದ್ದು. ಕೆಲಸಗಾರರು ಉತ್ತರ ಆಫ್ರಿಕಾದಿಂದ, ಕಾರ್ತೇಜ್ ಕಡೆಯಿಂದ ಬಂದವರು ಅನ್ನುವುದು ಬಹಳ ಜನ ಒಪ್ಪುವ ಮಾತು. ಅಲ್ಲಿನ ಹಳೆಯ ಮನೆಗಳಲ್ಲೂ ಇದೇ ಕೈಚಳಕ ಕಾಣುತ್ತದೆ.

ಹಂತ 2: ವೀಸಾ, ವಿಮಾನ, ಕಾರು

ಭಾರತದ ಪಾಸ್‌ಪೋರ್ಟ್ ಇದ್ದರೆ ಷೆಂಗೆನ್ ವೀಸಾ ಬೇಕು. ಲಂಡನ್ನಿನಲ್ಲೋ ದುಬೈನಲ್ಲೋ ಕೆಲಸದಲ್ಲಿರುವ ನಮ್ಮವರಿಗೂ ಅಷ್ಟೇ, ಅಲ್ಲಿನ ವೀಸಾ ಇಲ್ಲಿ ನಡೆಯುವುದಿಲ್ಲ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದಲೇ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಬೇಗ ಹಾಕಿ.

ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಕಟಾನಿಯಾ. ಬೆಂಗಳೂರಿನಿಂದ ಬರುವವರು ದಾರಿಯಲ್ಲಿ ವಿಮಾನ ಬದಲಿಸಬೇಕು. ಸಮಯ ಇದ್ದು ಸ್ವಲ್ಪ ಹುಚ್ಚೂ ಇದ್ದರೆ ರೋಮಿನಿಂದ ರೈಲಿನಲ್ಲಿ ಬನ್ನಿ. ಮೆಸ್ಸಿನಾ ಜಲಸಂಧಿಯಲ್ಲಿ ರೈಲನ್ನೇ ಹಡಗಿಗೆ ಹತ್ತಿಸಿ ದಾಟಿಸುತ್ತಾರೆ. ಅದು ಬೇರೆಯೇ ಮಜಾ.

ಕಟಾನಿಯಾದಿಂದ ಪಿಯಾತ್ಸಾ ಆರ್ಮೆರೀನಾಗೆ ಕಾರಿನಲ್ಲಿ ಹೆಚ್ಚುಕಮ್ಮಿ ಒಂದೂವರೆ ಗಂಟೆ. ಪಲೆರ್ಮೊ ಕಡೆಗೆ ಹೋಗುವ ಎ19 ಹೆದ್ದಾರಿ ಹಿಡಿದು, ಒಳಗಿನ ರಸ್ತೆಗೆ ತಿರುಗಬೇಕು. ಊರಿಗೆ ರೈಲು ಇಲ್ಲ. ಬಸ್ಸುಗಳಿವೆ, ಆದರೆ ಭಾನುವಾರ ಮತ್ತು ಹಬ್ಬದ ದಿನ ನಂಬಿಕೊಂಡು ಹೊರಡಬೇಡಿ. ಬಸ್ಸು ನಿಮ್ಮನ್ನು ಊರಿಗೆ ಮಾತ್ರ ತಲುಪಿಸುತ್ತದೆ, ಅಲ್ಲಿಂದ ವಿಲ್ಲಾಗೆ ಟ್ಯಾಕ್ಸಿ ಅಥವಾ ನಡಿಗೆ. ಹೋಗುವಾಗ ಇಳಿಜಾರು, ಹಾಯಾಗಿ ಹೋಗಬಹುದು. ವಾಪಸ್ ಬರುವಾಗ ಬಿಸಿಲಲ್ಲಿ ಏರು. ವಯಸ್ಸಾದವರು ಜೊತೆಗಿದ್ದರೆ ಈ ಯೋಚನೆ ಬಿಡಿ.

ಕಾರು ತೆಗೆದುಕೊಳ್ಳುವುದಾದರೆ ಮೂರು ಮಾತು. ಭಾರತದ ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇರಲೇಬೇಕು, ಅದನ್ನು ಊರಲ್ಲೇ ಆರ್‌ಟಿಒದಿಂದ ಮಾಡಿಸಿಕೊಂಡು ಬನ್ನಿ. ಗಾಡಿ ಓಡಿಸುವುದು ರಸ್ತೆಯ ಬಲಗಡೆ. ಮತ್ತೆ, ಇಟಲಿಯ ಹಳೆಯ ಪೇಟೆಗಳಲ್ಲಿ 'ಝಡ್‌ಟಿಎಲ್' ಅನ್ನುವ ವಲಯಗಳಿವೆ, ಹೊರಗಿನ ಗಾಡಿ ಒಳಗೆ ಬಂದರೆ ಕ್ಯಾಮೆರಾ ಫೋಟೊ ಹಿಡಿದು ದಂಡ ಮನೆಗೆ ಕಳಿಸುತ್ತದೆ. ಫೋನಿನ ಮ್ಯಾಪ್ ಇದನ್ನೆಲ್ಲ ನೋಡುವುದಿಲ್ಲ. ನನ್ನನ್ನು ಅದು ಎರಡೂ ಕನ್ನಡಿ ಗೋಡೆಗೆ ತಾಗುವಂಥ ಒಂದು ಓಣಿಗೆ ನುಗ್ಗಿಸಿತ್ತು, ಒಬ್ಬ ಅಜ್ಜ ಬಾಲ್ಕನಿಯಿಂದ ಕೈಸನ್ನೆ ಮಾಡಿ ಹಿಂದಕ್ಕೆ ಹಿಂದಕ್ಕೆ ಅಂತ ಇಂಚಿಂಚು ಹೊರಗೆ ತೆಗೆಸಿದರು. ಕಾರನ್ನು ಊರ ಅಂಚಿನಲ್ಲೇ ನಿಲ್ಲಿಸಿ.

ಹಂತ 3: ಯಾವಾಗ ಹೋಗಬೇಕು

ಏಪ್ರಿಲ್, ಮೇ ಅಥವಾ ಅಕ್ಟೋಬರ್. ಜುಲೈ-ಆಗಸ್ಟ್ ಬೇಡ. ಊರು ಸುಮಾರು 700 ಮೀಟರ್ ಎತ್ತರದಲ್ಲಿದ್ದರೂ ಕಣಿವೆಯಲ್ಲಿ ಬಿಸಿಲು ಕಾಯುತ್ತದೆ. ಮೊದಲು ಇಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಚಾವಣಿ ಇತ್ತು, ಫ್ರಾಂಕೊ ಮಿನಿಸ್ಸಿ ಅನ್ನುವ ವಾಸ್ತುಶಿಲ್ಪಿಯ ವಿನ್ಯಾಸ. ಚೆನ್ನಾಗಿ ಬೆಳಕು ಬರುತ್ತಿತ್ತು, ಜೊತೆಗೆ ಒಳಗೆ ಇಡ್ಲಿ ಪಾತ್ರೆಯ ಹಾಗೆ ಬೇಯುತ್ತಿತ್ತಂತೆ. ದೊಡ್ಡ ದುರಸ್ತಿ ಮಾಡಿ 2012ರಲ್ಲಿ ಮತ್ತೆ ತೆರೆದಾಗ ಬೇರೆ ಚಾವಣಿ ಬಂದಿತ್ತು. ಈಗ ಪರವಾಗಿಲ್ಲ, ಆದರೂ ಮಧ್ಯಾಹ್ನ ಬೇಡ.

ಆಗಸ್ಟ್ 12ರಿಂದ 14ರವರೆಗೆ ಪಿಯಾತ್ಸಾ ಆರ್ಮೆರೀನಾದಲ್ಲಿ 'ಪಾಲಿಯೊ ದೇಯಿ ನೊರ್ಮಾನ್ನಿ' ಅನ್ನುವ ಹಬ್ಬ. ಮಧ್ಯಯುಗದಲ್ಲಿ ಸಿಸಿಲಿ ಗೆದ್ದ ನಾರ್ಮನ್ನರು ಊರಿಗೆ ಬಂದದ್ದನ್ನು ವೇಷ ಹಾಕಿ, ಕುದುರೆ ಏರಿ ಆಡಿ ತೋರಿಸುತ್ತಾರೆ. ಅದನ್ನೇ ನೋಡಬೇಕು ಅನ್ನುವವರು ರೂಮು ತುಂಬಾ ಮೊದಲೇ ಕಾದಿರಿಸಿ. ಉಳಿದವರು ಆ ವಾರ ಆ ಕಡೆ ಹೋಗಬೇಡಿ.

ದಿನದಲ್ಲಿ ಮೊದಲ ಗಂಟೆಯೇ ಚಿನ್ನ. ಟೂರ್ ಬಸ್ಸುಗಳು ಕರಾವಳಿಯಿಂದ ಹೊರಟು ಬರುವಷ್ಟರಲ್ಲಿ ಬೆಳಗಿನ ಅರ್ಧ ಕಳೆದಿರುತ್ತದೆ. ಋತುವಿಗೆ ತಕ್ಕಂತೆ ಗೇಟಿನ ಸಮಯ ಬದಲಾಗುತ್ತದೆ, ಹಿಂದಿನ ದಿನ ಹೋಟೆಲಿನವರನ್ನು ಕೇಳಿಕೊಳ್ಳಿ.

ಹಂತ 4: ಚೀಲದಲ್ಲಿ ಏನಿರಬೇಕು

ನೀರು, ಟೋಪಿ, ಜಾರದ ಚಪ್ಪಲಿ ಅಥವಾ ಶೂ. ಇಷ್ಟು ಎಲ್ಲರೂ ಹೇಳುತ್ತಾರೆ. ನಾನು ಸೇರಿಸುವುದು ಒಂದೇ: ಚಿಕ್ಕ ಬೈನಾಕ್ಯುಲರ್. ನೆಲದ ಚಿತ್ರಕ್ಕೆ ಬೈನಾಕ್ಯುಲರ್ ಯಾಕೆ ಅಂತ ನನ್ನ ಹೆಂಡತಿಯೂ ನಕ್ಕಳು. ಇಲ್ಲಿ ನೆಲದ ಮೇಲೆ ಕಾಲಿಡಲು ಬಿಡುವುದಿಲ್ಲ. ಗೋಡೆಗಳ ಎತ್ತರದಲ್ಲಿ ಕಟ್ಟಿದ ಅಟ್ಟಣಿಗೆಯ ಮೇಲೆ ನಡೆಯುತ್ತಾ ಕೆಳಗೆ ನೋಡಬೇಕು. ಮುಖದ ಭಾವ, ಬಟ್ಟೆಯ ಅಂಚು, ಪ್ರಾಣಿಯ ಕಣ್ಣು, ಇವೆಲ್ಲ ಬರಿಗಣ್ಣಿಗೆ ಅರ್ಧ ಮಾತ್ರ ಸಿಗುತ್ತವೆ. ಹತ್ತು ನಿಮಿಷ ಆದಮೇಲೆ ಬೈನಾಕ್ಯುಲರ್ ನನ್ನ ಕೈಗೆ ವಾಪಸ್ ಬರಲೇ ಇಲ್ಲ.

ಫೋಟೊಗೆ ಫ್ಲಾಷ್ ಬೇಡ. ಒಳಗೆ ಹೋಗುವ ಮುಂಚೆ ಶೌಚಾಲಯಕ್ಕೆ ಹೋಗಿ ಬನ್ನಿ. ಮಂಡಿ ನೋವಿನವರು ಜೊತೆಗಿದ್ದರೆ ಮೆಟ್ಟಿಲು, ಏರಿಳಿತ ಇದೆ ಅಂತ ಮೊದಲೇ ಹೇಳಿಬಿಡಿ. ಅಮ್ಮ ಅಲ್ಲಲ್ಲಿ ಕೂತು ಕೂತು ಮುಗಿಸಿದರು.

ಹಂತ 5: ಬಚ್ಚಲ ಮನೆಯಿಂದ ಶುರು ಮಾಡಿ

ದಾರಿಯ ಬೋರ್ಡು ತೋರಿಸುವಂತೆ ನಡೆಯಿರಿ. ದುರಸ್ತಿ ನಡೆಯುತ್ತಿದ್ದರೆ ದಾರಿ ಬದಲಾಗುವುದುಂಟು. ಸಾಮಾನ್ಯವಾಗಿ ಮೊದಲು ಸಿಗುವುದು ಸ್ನಾನದ ಕೋಣೆಗಳು. ಜನ ಇದನ್ನು ದಾಟಿ ಓಡುತ್ತಾರೆ, ನೀವು ನಿಲ್ಲಿ.

ಹೊರಗಡೆ ಒಲೆಯ ಬಾಯಿಗಳು ಕಾಣುತ್ತವೆ. ನಮ್ಮಲ್ಲಿ ಹಂಡೆ ಒಲೆಗೆ ಹೊರಗಿನಿಂದ ಸೌದೆ ತುರುಕುತ್ತಿದ್ದರಲ್ಲ, ಹಾಗೇ ಆಳುಗಳು ಇಲ್ಲಿ ಬೆಂಕಿ ಹಾಕುತ್ತಿದ್ದರು. ಆದರೆ ರೋಮನ್ನರು ನೀರಿನ ಜೊತೆ ಕೋಣೆಯನ್ನೂ ಕಾಯಿಸುತ್ತಿದ್ದರು. ನೆಲವನ್ನು ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ನಿಲ್ಲಿಸಿ, ಕೆಳಗಿನ ಖಾಲಿ ಜಾಗದಲ್ಲಿ ಬಿಸಿಗಾಳಿ ಓಡಾಡುವಂತೆ ಮಾಡಿ, ಅದು ಗೋಡೆಯೊಳಗಿನ ಕೊಳವೆಗಳ ಮೂಲಕ ಮೇಲೆ ಹೋಗುವಂತೆ ಬಿಡುತ್ತಿದ್ದರು. ನೆಂಟರು ಬಿಸಿ ಕೋಣೆಯಲ್ಲಿ ಬೆವರಿ, ಉಗುರುಬೆಚ್ಚಗಿನ ಕೋಣೆಗೆ ಬಂದು, ಕೊನೆಗೆ ಎಂಟು ಮೂಲೆಯ ತಣ್ಣೀರಿನ ಕೋಣೆಯಲ್ಲಿ ಮುಳುಗುತ್ತಿದ್ದರು. ಆ ಕೋಣೆಯ ನೆಲದಲ್ಲಿ ಸಮುದ್ರ, ದೋಣಿಯಲ್ಲಿ ಮೀನು ಹಿಡಿಯುವ ರೆಕ್ಕೆಯ ಮಕ್ಕಳು. ಪಕ್ಕದ ಉದ್ದ ಹಜಾರದಲ್ಲಿ ರೋಮಿನ ರಥದ ಓಟ, ನಾಲ್ಕು ಬಣ್ಣದ ನಾಲ್ಕು ತಂಡ. ಐಪಿಎಲ್ ತರ ಆ ಕಾಲದಲ್ಲೂ ಬಣ್ಣಕ್ಕೊಂದು ಅಭಿಮಾನಿ ಬಳಗ ಇತ್ತು, ಬೀದಿಯಲ್ಲಿ ಹೊಡೆದಾಟವೂ ಆಗುತ್ತಿತ್ತು.

ಹಂತ 6: ತೊಟ್ಟಿಯ ಸುತ್ತ ಒಂದು ಸುತ್ತು

ಮೂರು ಕಮಾನಿನ ಹೆಬ್ಬಾಗಿಲು, ಕಂಬಗಳ ಹೊರ ಅಂಗಳ ದಾಟಿ ಒಳಗೆ ಬಂದರೆ ನಡುವೆ ಕಾರಂಜಿ ಇರುವ ತೆರೆದ ಜಾಗ, ಸುತ್ತ ಕಂಬದ ಪಡಸಾಲೆ, ಪಡಸಾಲೆಗೆ ಹೊಂದಿಕೊಂಡು ಕೋಣೆಗಳು. ಅಮ್ಮ ನೋಡಿದ ತಕ್ಷಣ, "ಇದು ನಮ್ಮ ಅಜ್ಜನ ಮನೆ ತೊಟ್ಟಿ ಕಣೋ, ಸ್ವಲ್ಪ ದೊಡ್ಡದು ಅಷ್ಟೇ" ಅಂದರು. ಸ್ವಲ್ಪ ಅಲ್ಲ ಬಿಡಿ. ಆದರೆ ಲೆಕ್ಕಾಚಾರ ಅದೇ: ಬೆಳಕು, ಗಾಳಿ ನಡುವಿನಿಂದ ಬರಬೇಕು. ಪಡಸಾಲೆಯ ನೆಲದ ತುಂಬ ಎಲೆಯ ಬಳೆಯೊಳಗೆ ಒಂದೊಂದು ಪ್ರಾಣಿಯ ತಲೆ.

ಇಲ್ಲಿನ ಕೋಣೆಗಳಲ್ಲಿ 'ಸಣ್ಣ ಬೇಟೆ' ಅನ್ನುವುದನ್ನು ಬಿಡಬೇಡಿ. ನಾಯಿ ಬಿಡುವುದು, ಬೇಟೆಯ ದೇವಿ ಡಯಾನಾಗೆ ಪೂಜೆ, ಪೊದೆಯೊಳಗಿನ ಮೊಲ, ಹಂದಿ ತಿವಿದು ಬಿದ್ದವನು, ಎಲ್ಲ ಒಂದೇ ನೆಲದಲ್ಲಿ. ನಡುವೆ ಮರಗಳಿಗೆ ಕೆಂಪು ಬಟ್ಟೆ ಕಟ್ಟಿ ನೆರಳು ಮಾಡಿಕೊಂಡು, ಹುರಿದ ಹಕ್ಕಿ ಮುಂದಿಟ್ಟುಕೊಂಡು ಊಟಕ್ಕೆ ಕೂತಿದ್ದಾರೆ. 1,700 ವರ್ಷ ಹಳೆಯ ಪಿಕ್‌ನಿಕ್.

ಹಂತ 7: ದೊಡ್ಡ ಬೇಟೆಗೆ ಒಂದು ಗಂಟೆ ಕೊಡಿ

ಬೇರೆ ಏನು ಬಿಟ್ಟರೂ ಇದನ್ನು ಬಿಡುವ ಹಾಗಿಲ್ಲ. 60 ಮೀಟರಿಗೂ ಜಾಸ್ತಿ ಉದ್ದದ ಓಣಿ, ತುಂಬಾ ಒಂದೇ ಚಿತ್ರ. ಹೆಸರು ಬೇಟೆ ಅಂತ ಇದ್ದರೂ ಇಲ್ಲಿ ಪ್ರಾಣಿಗಳನ್ನು ಕೊಲ್ಲುವುದಕ್ಕಿಂತ ಜೀವಂತ ಹಿಡಿಯುವುದೇ ಮುಖ್ಯ. ರೋಮಿನ ಅಖಾಡದಲ್ಲಿ ಜನ ನೋಡಿ ಖುಷಿಪಡಲಿ ಅಂತ ದೂರದ ನಾಡುಗಳಿಂದ ಹಿಡಿದು, ಬೋನಿಗೆ ಹಾಕಿ, ಎತ್ತಿನ ಗಾಡಿಯಲ್ಲಿ ಎಳೆದು, ಹಡಗು ಹತ್ತಿಸುವ ಕೆಲಸ. ಒಂದು ಕಡೆ ಮೇಕೆಮರಿಯನ್ನು ಆಸೆಗಿಟ್ಟು ಚಿರತೆಗೆ ಬೋನು ಒಡ್ಡಿದ್ದಾರೆ. ಇನ್ನೊಂದು ಕಡೆ ಜೌಗಿನಿಂದ ಘೇಂಡಾಮೃಗವನ್ನು ಹಗ್ಗ ಹಾಕಿ ಎಳೆಯುತ್ತಿದ್ದಾರೆ. ಉಷ್ಟ್ರಪಕ್ಷಿಯನ್ನು ತಬ್ಬಿಕೊಂಡೇ ಹಡಗಿಗೆ ಹೊತ್ತು ಹೋಗುತ್ತಿದ್ದಾರೆ. ಮೇಸ್ತ್ರಿಯೊಬ್ಬ ಆಳಿಗೆ ಹೊಡೆಯುತ್ತಿದ್ದಾನೆ, ಅದನ್ನೂ ಚಿತ್ರಕಾರ ಬಿಟ್ಟಿಲ್ಲ.

ದಕ್ಷಿಣದ ತುದಿಗೆ ಹೋಗಿ ನಿಧಾನವಾಗಿ ಹುಡುಕಿ. ಅಲ್ಲಿ ಕುದುರೆ ಸವಾರನೊಬ್ಬ ಹುಲಿಮರಿ ಕದ್ದು ಓಡುತ್ತಿದ್ದಾನೆ. ತಾಯಿ ಹುಲಿ ಬೆನ್ನಟ್ಟಿದೆ. ಅವನು ಒಂದು ಗಾಜಿನ ಗುಂಡು ಎಸೆದಿದ್ದಾನೆ, ಹುಲಿ ಅದರಲ್ಲಿ ತನ್ನದೇ ಸಣ್ಣ ಬಿಂಬ ಕಂಡು ಮರಿ ಅಂತ ಭಾವಿಸಿ ನಿಂತುಬಿಟ್ಟಿದೆ. ಅಷ್ಟರಲ್ಲಿ ಸವಾರ ಹಡಗಿನ ಹಲಗೆ ಏರುತ್ತಾನೆ. ಗುಂಡಿನ ಮೇಲಿನ ಬಿಂಬವನ್ನೂ ಚೂರುಗಲ್ಲಿನಲ್ಲೇ ಮಾಡಿದ್ದಾರೆ, ಬೈನಾಕ್ಯುಲರ್ ಇಲ್ಲಿಗೇ ಬೇಕಾದದ್ದು. ಅಮ್ಮ ಇಲ್ಲಿಂದ ಏಳಲಿಲ್ಲ. "ಪಾಪ, ಅದಕ್ಕೆ ಗೊತ್ತೇ ಆಗ್ಲಿಲ್ವಾ?" ಅಂತ ಮೂರು ಸಲ ಕೇಳಿದರು.

ಅದೇ ತುದಿಯ ಅರ್ಧವೃತ್ತದಲ್ಲಿ ಕಂದು ಮೈಬಣ್ಣದ ಒಬ್ಬ ಹೆಂಗಸು ಕೂತಿದ್ದಾಳೆ. ಕೈಯಲ್ಲಿ ಆನೆ ದಂತ, ಒಂದು ಪಕ್ಕ ಆನೆ, ಇನ್ನೊಂದು ಪಕ್ಕ ಹುಲಿ. ಆನೆಯ ಚರ್ಮವನ್ನು ಬಲೆ ಹಾಕಿದ ಹಾಗೆ ಗೆರೆಗೆರೆಯಾಗಿ ತೋರಿಸಿದ್ದಾರೆ, ಅದು ರೋಮನ್ ಚಿತ್ರಗಳ ರೂಢಿ. ಈಕೆ ಒಂದು ನಾಡಿನ ರೂಪ. ಈಜಿಪ್ಟ್ ಅನ್ನುವವರಿದ್ದಾರೆ, ಆಫ್ರಿಕಾ ಅನ್ನುವವರೂ ಇದ್ದಾರೆ, ಆದರೆ ತುಂಬಾ ವಿದ್ವಾಂಸರು ಭಾರತ ಅನ್ನುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ, ಆಫ್ರಿಕಾದಲ್ಲಿ ಹುಲಿ ಎಲ್ಲಿದೆ ಹೇಳಿ? ಚಿತ್ರ ಮಾಡಿದವರು ನಮ್ಮ ನಾಡು ಕಂಡವರಲ್ಲ, ಆದರೆ ವ್ಯಾಪಾರದ ದಾರಿ ಅದಕ್ಕೂ ಮೊದಲೇ ತೆರೆದಿತ್ತು. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ, ಅವು ಈ ಮನೆಗಿಂತ ಸುಮಾರು 300 ವರ್ಷ ಹಳೆಯವು.

ಹಂತ 8: ಬಿಕಿನಿ ಹುಡುಗಿಯರ ಮೂಲೆ ನೋಡಿ

ಇಲ್ಲಿ ಗುಂಪು ಇದ್ದೇ ಇರುತ್ತದೆ. ಹತ್ತು ಹುಡುಗಿಯರು, ಮೇಲೊಂದು ಪಟ್ಟಿ, ಕೆಳಗೊಂದು ಚಡ್ಡಿ. ಈಜಲು ಹೊರಟವರಲ್ಲ, ಆಟೋಟದವರು. ಒಬ್ಬಳ ಕೈಯಲ್ಲಿ ಡಂಬಲ್ಸ್, ಒಬ್ಬಳು ಚಕ್ರ ಎಸೆಯುತ್ತಾಳೆ, ಇಬ್ಬರು ಓಡುತ್ತಾರೆ, ಇಬ್ಬರು ಚೆಂಡು ಆಡುತ್ತಾರೆ, ಗೆದ್ದವಳಿಗೆ ಹೂವಿನ ಕಿರೀಟ. ಫೋಟೊ ಆದಮೇಲೆ ಕೋಣೆಯ ಮೂಲೆಗೆ ಕಣ್ಣು ಹಾಯಿಸಿ. ಚಿತ್ರ ಕಿತ್ತುಹೋದ ಕಡೆ ಕೆಳಗೆ ಇನ್ನೊಂದು ಹಳೆಯ ನೆಲ, ಬರೀ ಗೆರೆ-ಚೌಕದ ವಿನ್ಯಾಸದ್ದು, ಇಣುಕುತ್ತದೆ. ಅಂದರೆ ಹುಡುಗಿಯರು ಆಮೇಲೆ ಬಂದವರು. ಹಳೆಯ ಟೈಲ್ಸ್ ಮೇಲೇ ಹೊಸ ಟೈಲ್ಸ್ ಹಾಕಿಸುವ ಬುದ್ಧಿ ಇವತ್ತಿನದಲ್ಲ.

ಹಂತ 9: ಊಟದ ಮನೆ, ದರ್ಬಾರು, ಮಕ್ಕಳ ಕೋಣೆ

ಊಟದ ಮನೆ ಬೇರೆಯೇ ಇದೆ, ಮೊಟ್ಟೆಯಾಕಾರದ ಅಂಗಳದ ಆಚೆ. ಮೂರು ಕಡೆ ಅರ್ಧವೃತ್ತ, ಅಲ್ಲಿ ಹಾಸಿಗೆ ಹಾಕಿ ಎಡ ಮೊಣಕೈ ಊರಿ ಮಲಗಿಕೊಂಡೇ ಊಟ. ನೆಲದಲ್ಲಿ ಗ್ರೀಕ್ ಪುರಾಣದ ವೀರ ಹರ್ಕ್ಯುಲಿಸ್‌ನ ಸಾಹಸಗಳು, ಬಾಣ ನಾಟಿ ಒದ್ದಾಡುವ ರಾಕ್ಷಸರು. ತಿನ್ನುವಾಗ ಇದನ್ನು ನೋಡಬೇಕಿತ್ತಾ ಅನ್ನಿಸುತ್ತದೆ.

ದೊಡ್ಡ ಓಣಿಯ ಆಚೆಗಿನ ಭಾರಿ ಹಜಾರ ಯಜಮಾನ ಕೂತು ಜನರನ್ನು ಕಾಣುತ್ತಿದ್ದ ಜಾಗ. ಇಲ್ಲಿ ಚಿತ್ರ ಇಲ್ಲ, ಎಲ್ಲರೂ ಬೇಗ ದಾಟುತ್ತಾರೆ. ಸ್ವಲ್ಪ ನಿಂತು ಯೋಚಿಸಿ: ಚಿತ್ರ ಯಾಕಿಲ್ಲ? ಇಲ್ಲಿ ಹಾಸಿದ್ದು ಬೇರೆ ಬೇರೆ ದೇಶಗಳಿಂದ ತರಿಸಿದ ಬಣ್ಣದ ಅಮೃತಶಿಲೆ. ಅದು ಚೂರುಗಲ್ಲಿಗಿಂತ ದುಬಾರಿ. ಬಹುಪಾಲು ಕಿತ್ತುಹೋಗಿದೆ. ಮನೆಯ ಅತಿ ದುಬಾರಿ ನೆಲವೇ ಇವತ್ತು ಅತಿ ಬೋಳು.

ಅಕ್ಕಪಕ್ಕ ಮನೆಯವರ ಖಾಸಗಿ ಕೋಣೆಗಳು. ಒಂದರಲ್ಲಿ ಗ್ರೀಕ್ ಕಥೆಯ ನಾಯಕ ಯುಲಿಸಿಸ್ ದೈತ್ಯ ಪಾಲಿಫೀಮಸ್‌ಗೆ ಹೆಂಡದ ಬಟ್ಟಲು ಕೊಡುತ್ತಿದ್ದಾನೆ. ಕಥೆಯಲ್ಲಿ ಒಕ್ಕಣ್ಣನಾದ ದೈತ್ಯನಿಗೆ ಇಲ್ಲಿ ಮೂರು ಕಣ್ಣು, ಮೂರನೆಯದು ಹಣೆಯಲ್ಲಿ. ನಮ್ಮವರಿಗೆ ತಕ್ಷಣ ಬೇರೆ ಯಾರೋ ನೆನಪಾಗುತ್ತಾರೆ, ಅಲ್ವಾ? ಮಕ್ಕಳದು ಅನ್ನುವ ಕೋಣೆಗಳಲ್ಲಿ ಹಕ್ಕಿ ಕಟ್ಟಿದ ಪುಟಾಣಿ ರಥಗಳ ಓಟ, ಇಲಿಯಿಂದ ಕಾಲು ಕಚ್ಚಿಸಿಕೊಂಡ ಬೇಟೆಗಾರ ಹುಡುಗ. ದೊಡ್ಡವರ ಚಿತ್ರಗಳನ್ನೇ ತಮಾಷೆ ಮಾಡಿದ ಹಾಗಿದೆ.

ಹಂತ 10: ಹೊಟ್ಟೆಯ ವಿಚಾರ

ಸಸ್ಯಾಹಾರಿಗಳಿಗೆ ಸಿಸಿಲಿ ಕಷ್ಟವಲ್ಲ, ಎಚ್ಚರ ಬೇಕು. 'ಪಾಸ್ತಾ ಅಲ್ಲಾ ನೊರ್ಮಾ' ಅಂದರೆ ಹುರಿದ ಬದನೆಕಾಯಿ, ಟೊಮೆಟೊ, ಗಟ್ಟಿ ರಿಕೋತ್ತಾ ಚೀಸ್. 'ಕಪೊನಾತಾ' ಹುಳಿ-ಸಿಹಿ ಬದನೆಕಾಯಿ ಪಲ್ಯ, ನಮ್ಮ ಗೊಜ್ಜಿಗೆ ದೂರದ ನೆಂಟ. 'ಪನೆಲ್ಲೆ' ಕಡಲೆ ಹಿಟ್ಟಿನದು, ಪಲೆರ್ಮೊ ಕಡೆ ಜಾಸ್ತಿ. 'ಅರಂಚಿನಿ' ಅನ್ನದ ಉಂಡೆ ನೋಡಿ ಮೋಸ ಹೋಗಬೇಡಿ, ಒಳಗೆ ಸಾಮಾನ್ಯವಾಗಿ ಮಾಂಸ ಇರುತ್ತದೆ, ಬೆಣ್ಣೆಯದು ಅಂತ ಕೊಡುವುದರಲ್ಲೂ ಹಂದಿ ಮಾಂಸದ ಚೂರು ಇರುವುದುಂಟು. ಪಾಲಕ್ ತುಂಬಿದ್ದು ಕೇಳಿ. ಮಧ್ಯಾಹ್ನ ಊಟದ ಹೊತ್ತು ಕಳೆದರೆ ಅಡುಗೆಮನೆ ಮುಚ್ಚುತ್ತಾರೆ, ಆಮೇಲೆ ರಾತ್ರಿಯೇ.

ಹಂತ 11: ಅರ್ಧ ದಿನ ಉಳಿದರೆ

ಒಂದನ್ನೇ ಆರಿಸಬೇಕಾದರೆ ಐದೊನೆ ಊರಿನ ಮ್ಯೂಸಿಯಂ, ಪಕ್ಕದ ಮೊರ್ಗಂತೀನಾ. ಮೊರ್ಗಂತೀನಾ ರೋಮನ್ನರಿಗಿಂತ ಹಳೆಯ ಗ್ರೀಕ್ ಪಟ್ಟಣ, ಜನ ತುಂಬಾ ಕಮ್ಮಿ. ಮ್ಯೂಸಿಯಂನಲ್ಲಿರುವ ಆಳೆತ್ತರಕ್ಕೂ ಮೀರಿದ ದೇವಿಯ ವಿಗ್ರಹ ಕಳ್ಳಸಾಗಣೆಯಾಗಿ ಅಮೆರಿಕದ ಗೆಟ್ಟಿ ಮ್ಯೂಸಿಯಂ ಸೇರಿತ್ತು, 2011ರಲ್ಲಿ ಊರಿಗೆ ವಾಪಸ್ ಬಂತು. ಮಕ್ಕಳಿದ್ದರೆ ಕಲ್ತಾಜಿರೋನೆಗೆ ಹೋಗಿ. ಅಲ್ಲಿ 142 ಮೆಟ್ಟಿಲು, ಮೆಟ್ಟಿಲ ಎದುರುಮುಖಕ್ಕೆಲ್ಲ ಬಣ್ಣದ ಪಿಂಗಾಣಿ ಬಿಲ್ಲೆ. ಅಮ್ಮ ಕೆಳಗಿನ ಮೆಟ್ಟಿಲ ಮೇಲೆ ಐಸ್‌ಕ್ರೀಮ್ ಹಿಡಿದು ಕೂತರು, ಎಣಿಸಿಕೊಂಡು ಬನ್ನಿ ಅಂತ ನಮ್ಮಿಬ್ಬರನ್ನು ಮೇಲೆ ಕಳಿಸಿದರು.